ಹೆಬ್ಬಾವು ಮಲಗಿದ ದಂಡೆ

ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಬ್ಲಾ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡೇ, "ಕುಮಾಸಿಯಲ್ಲಿ ಕೂತ್ಕೊಂಡು ಕಂಪ್ಯೂಟರಲ್ಲಿ ಸಮುದ್ರ ಮಾಡ್ತಾಳೆ" ಅನ್ನುತ್ತಿದ್ದಳು.

"ಇರೋ ಸಮುದ್ರಾನೇ ಮನೆ ಬಾಗಿಲಿಗೆ ಬಂದು ಕೂತಿದೆ. ಅದು ಸಾಲ್ದು ಅಂತ ನಿನ್ನ ಮಗಳು ಇನ್ನೊಂದು ಮಾಡ್ತಿದಾಳಾ?" ಎಂದು ಪಕ್ಕದ ಒಲೆಯ ಮಾನ್ಸಾ ಕೆಣಕುವಳು.

"ನಿನ್ನ ಮಗ ಲೋಮೆಯ ಬೀದೀಲಿ ಟೋಪಿ ಮಾರೋದಕ್ಕಿಂತ ವಾಸಿ ಬಿಡು."

ಇಬ್ಬರೂ ನಗುತ್ತಿದ್ದರು. ಮೀನಿಗೆ ಹೊಗೆ ಹಾಕುವ ಹೆಂಗಸರ ದಿನವೆಲ್ಲ ಇಂಥ ಮಾತಿನಲ್ಲೇ ಸಾಗುವುದು. ಆದರೆ ಅಬ್ಲಾಳ ನಗುವಿನೊಳಗೆ ಹೆಮ್ಮೆಯೇ ಹೆಚ್ಚಿತ್ತು, ಅದು ಮಾನ್ಸಾಳಿಗೂ ಗೊತ್ತಿತ್ತು.

ಅಟ್ಸಿಕೊಪೆ ಎಂದರೆ ನಾಲಿಗೆಯಗಲದ ಮರಳು. ಮುಂದೆ ಸಮುದ್ರ, ಬೆನ್ನಿಗೆ ಹಿನ್ನೀರು. ಅಬ್ಲಾಳ ಮಗಳು ಎಸಿನಾಮ್ ಅಕ್ಷರ ಕಲಿತ ಶಾಲೆ ಈಗ ನೀರಿನಡಿ ಇತ್ತು. ಅವಳ ಅಜ್ಜಿಯ ಮನೆಯೂ ಅಲ್ಲೇ. ಹಳೆಯ ಸ್ಮಶಾನವನ್ನು ಅಲೆಗಳು ಸಾಲು ಸಾಲಾಗಿ ಬಿಚ್ಚಿ ಒಯ್ಯುತ್ತಿದ್ದಾಗ ಊರವರು ಹಿರಿಯರ ಮೂಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಹಿನ್ನೀರಿನ ಕಡೆಗೆ ಹೊತ್ತು ಸಾಗಿಸಿದ್ದನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು. ಅಪ್ಪ ಮೀನಿನ ಬೆನ್ನು ಹತ್ತಿ ದೂರದ ಗಬಾನ್ ದೇಶಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ ಕೂತುಬಿಟ್ಟಿದ್ದ. ಮಗಳನ್ನು ಓದಿಸಿದ್ದು ಅಬ್ಲಾಳ ಒಲೆ, ಅಬ್ಲಾಳ ಅಣ್ಣ ಕೊಮ್ಲಾನ ದೋಣಿ. ಪಡುವಣದ ದೊಡ್ಡ ಊರುಗಳಿಗೆ ಕಲ್ಲಿನ ತಡೆಗೋಡೆ ಬಂದಿತ್ತು. ಅಟ್ಸಿಕೊಪೆ ತಲುಪುವ ಮೊದಲೇ ಆ ಗೋಡೆ ಮುಗಿದಿತ್ತು. ಗೋಡೆ ಮುಗಿದಲ್ಲಿ ಸಮುದ್ರ ತನಗೆ ಅಲ್ಲಿ ಸಿಗದಿದ್ದ ಮರಳನ್ನೆಲ್ಲ ಇಲ್ಲಿ ಬಂದು ಬಾಚುತ್ತಿತ್ತು. ಇಂಥ ಊರಿನ ಹುಡುಗಿ ಅಲೆಯ ಲೆಕ್ಕಕ್ಕೆ ಇಳಿದದ್ದರಲ್ಲಿ ವಿಶೇಷವೇನಿಲ್ಲ.

ಅವಳ ಕೆಲಸ ಹೀಗೆ. ನೀರನ್ನು ಲಕ್ಷಗಟ್ಟಲೆ ಚುಕ್ಕೆಗಳಾಗಿ ಒಡೆಯುವುದು. ಪ್ರತಿ ಚುಕ್ಕೆಯನ್ನೂ ಅದರ ನೆರೆಯ ಚುಕ್ಕೆಗಳು ಎಷ್ಟು ನೂಕುತ್ತವೆ, ಎತ್ತ ನೂಕುತ್ತವೆ ಎಂದು ಯಂತ್ರದಿಂದ ಲೆಕ್ಕ ಹಾಕಿಸುವುದು. ಆ ಚುಕ್ಕೆಗಳೆಲ್ಲ ಸೇರಿ ಪರದೆಯ ಮೇಲೆ ಅಲೆಯಾಗಿ ಎದ್ದು, ಹೆಡೆ ಬಗ್ಗಿಸಿ, ಎದುರಿಗಿದ್ದುದನ್ನು ಬಡಿಯುತ್ತಿದ್ದವು. ಎದುರಿಗೆ ಕಲ್ಲಿನ ಗೋಡೆಯಿದ್ದರೆ ಲೆಕ್ಕ ಅಷ್ಟು ಕಷ್ಟವಲ್ಲ. ಬಾಗುವ, ಬಳುಕುವ ವಸ್ತುವಾದರೆ ತಲೆನೋವು. ಅಲೆ ಅದನ್ನು ನೂಕುತ್ತದೆ, ನೂಕಿಸಿಕೊಂಡದ್ದು ಆಕಾರ ಬದಲಿಸುತ್ತದೆ, ಆ ಹೊಸ ಆಕಾರಕ್ಕೆ ಅಲೆ ಬೇರೆಯೇ ರೀತಿ ಬಡಿಯುತ್ತದೆ. ಗಂಡ ಹೆಂಡಿರ ಜಗಳದ ಹಾಗೆ, ಯಾರು ಮೊದಲು ಶುರು ಮಾಡಿದರೆಂದು ಹೇಳಲು ಬರುವುದಿಲ್ಲ.

ಕುಮಾಸಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್ ಅದುಸೈ ಕಾಡು ನಾಡಿನ ಮನುಷ್ಯ. ಸಮುದ್ರವನ್ನು ಮೊದಲು ನೋಡಿದ್ದು ಕಾಲೇಜಿಗೆ ಹೋದ ಮೇಲೆ. ಒಂದು ಬೆಳಿಗ್ಗೆ ಅವನು ಕಡತ ಹಿಡಿದುಕೊಂಡು ಅವಳ ಮೇಜಿನ ಹತ್ತಿರ ಬಂದ.

"ನಿಮ್ಮ ಜನಕ್ಕೆ ಊರು ಕಟ್ಟೋಕೆ ಸಮುದ್ರದ ಬಾಯಿ ಬಿಟ್ರೆ ಬೇರೆ ಜಾಗಾನೇ ಸಿಗ್ಲಿಲ್ವೇನಮ್ಮ?"

"ಇದ್ದ ಒಳ್ಳೆ ಜಾಗ ಎಲ್ಲ ನಿಮ್ಮೋರು ಹಿಡ್ಕೊಂಡಿದ್ರಲ್ಲ ಸಾರ್."

"ಬಾಯಿಗೇನೂ ಕಮ್ಮಿ ಇಲ್ಲ. ತಗೋ, ನಿಮ್ಮೂರಿಗೇ ಬಂದಿರೋ ಕೆಲಸ."

ಕಡತದಲ್ಲಿದ್ದದ್ದು ಮರಳು ಚೀಲದ ಯೋಜನೆ. ದಪ್ಪ ಕಪ್ಪು ಬಟ್ಟೆಯ ಕೊಳವೆಯಂಥ ಚೀಲ, ಆಳೆತ್ತರ. ಒಂದರ ತುದಿಗೆ ಇನ್ನೊಂದನ್ನು ಹೊಂದಿಸುತ್ತ ಊರುದ್ದಕ್ಕೂ ದಂಡೆಯ ಮೇಲೆ ಮಲಗಿಸಿ, ಮರಳು ನೀರು ಕಲಸಿ ಪಂಪಿನಿಂದ ತುಂಬಿಬಿಡುವುದು. ಕಲ್ಲಿನ ಗೋಡೆಯ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ದೊಡ್ಡ ಅಲೆ ಬಡಿದರೆ ಚೀಲ ತಡೆಯುತ್ತದೆಯೇ ಎಂದು ಲೆಕ್ಕ ಹಾಕಿ ಹೇಳಬೇಕಿತ್ತು. ಎಸಿನಾಮ್ ಅಂದು ಕ್ಯಾಂಟೀನಿನಲ್ಲಿ ಎರಡು ತಟ್ಟೆ ಅನ್ನ ತಿಂದಳು. ಊರಿಗೆ ಫೋನು ಮಾಡಿ ತಾಯಿಗೆ ಹೇಳಿದಳು. ಅಷ್ಟು ಹೊತ್ತಿಗೆ ಊರಿನಲ್ಲಿ ಸುದ್ದಿ ಹಬ್ಬಿ ಚೀಲಕ್ಕೆ ಹೆಸರೂ ಬಿದ್ದಿತ್ತು: ಹೆಬ್ಬಾವು.

ಮೊದಲ ವಾರಗಳು ಚೆನ್ನಾಗಿಯೇ ಹೋದವು. ದಿನನಿತ್ಯದ ಅಲೆಗಳನ್ನು ಪರದೆಯ ಹೆಬ್ಬಾವು ಆಕಳಿಸಿದಷ್ಟು ಸುಲಭವಾಗಿ ನುಂಗಿಕೊಂಡಿತು. ಆಮೇಲೆ ಅವಳು ಮಳೆಗಾಲದ ಉದ್ದಲೆಗಳನ್ನು ಬಿಟ್ಟಳು. ಭೂಮಿಯ ದಕ್ಷಿಣದ ತುದಿಯಲ್ಲೆಲ್ಲೋ ಬಿರುಗಾಳಿ ಎದ್ದರೆ ಅದರ ಅಲೆ ದಿನಗಟ್ಟಲೆ ನಡೆದು, ಗಾಳಿಯೇ ಇಲ್ಲದ ತಿಳಿ ಹಗಲಿನಲ್ಲಿ ಅಟ್ಸಿಕೊಪೆಯ ದಂಡೆಗೆ ಬಂದು ಮುಟ್ಟುತ್ತದೆ. ಅಂಥ ಒಂದು ಅಲೆಯನ್ನು ಚೀಲ ತಡೆಯಿತು. ಅದೇ ಅಲೆಯನ್ನು ಒಂದು ಗೇಣು ಆಚೆಯಿಂದ ಬಿಟ್ಟಳು. ನೀರಿಗೂ ಬಟ್ಟೆಗೂ ನಡುವೆ ಒಂದು ಹಿಡಿ ಗಾಳಿ ಸಿಕ್ಕಿಕೊಂಡಿತು, ಏಟು ಹಲವು ಪಟ್ಟು ಹೆಚ್ಚಿತು, ಚೀಲದ ಬೆನ್ನಿನ ಹೊಲಿಗೆ ಬಿಟ್ಟುಕೊಂಡಿತು. ಇನ್ನೊಂದು ಗೇಣು ಸರಿಸಿದಳು. ಏನೂ ಆಗಲಿಲ್ಲ.

ಎಲ್ಲೋ ತಪ್ಪಿರಬೇಕೆಂದು ಮತ್ತೆ ಓಡಿಸಿದಳು. ಒಂದು ಸಲ ಓಡಿ ಮುಗಿಯಬೇಕಾದರೆ ದಿನಗಳು ಬೇಕು. ನಡುವೆ ಕರೆಂಟು ಹೋಗುತ್ತಿತ್ತು. ಜನರೇಟರು ಎದ್ದರೆ ಎದ್ದಿತು, ಇಲ್ಲದಿದ್ದರೆ ಅರ್ಧ ಮುರಿದಿದ್ದ ಅಲೆ ಅಲ್ಲೇ ಸತ್ತು ಪರದೆ ಕಪ್ಪಾಗುತ್ತಿತ್ತು. ಮತ್ತೆ ಮೊದಲಿಂದ. ಮಳೆ ಮುಗಿಯುವ ಹೊತ್ತಿಗೆ ಅವಳ ಬಳಿ ಉತ್ತರಗಳ ರಾಶಿಯೇ ಇತ್ತು, ಆದರೆ ಒಂದು ಉತ್ತರ ಇನ್ನೊಂದರ ಮುಖ ನೋಡುತ್ತಿರಲಿಲ್ಲ. ತಪ್ಪು ಅವಳದಾಗಿರಲಿಲ್ಲ. ದೊಡ್ಡ ದೊಡ್ಡ ದೇಶಗಳಲ್ಲಿ ನಿಜವಾದ ನೀರಿನ ತೊಟ್ಟಿ ಕಟ್ಟಿ ಅಳೆದವರಿಗೂ ಹೀಗೇ ಆಗಿತ್ತು. ಒಂದೇ ಎತ್ತರದ, ಒಂದೇ ವೇಗದ ಅಲೆ ಎರಡು ಸಲ ಒಂದೇ ಏಟು ಕೊಡುವುದಿಲ್ಲ. ಅವರ ಬರಹಗಳನ್ನು ಓದಿ ಅವಳಿಗೆ ಸಮಾಧಾನವೇನೂ ಆಗಲಿಲ್ಲ.

ಯೋಜನೆಯ ಇಂಜಿನಿಯರ್ ಲಾರ್ಬಿ ರಾಜಧಾನಿ ಆಕ್ರಾದಿಂದ ಬಂದ. ಕೆಟ್ಟವನಲ್ಲ. ಊರಿಂದೂರಿಗೆ ಓಡಾಡಿ ಬಳಲಿದ ಮನುಷ್ಯ, ಶೂ ತುಂಬ ಯಾವಾಗಲೂ ಮರಳು. ಅವಳು ತೋರಿಸಿದ್ದನ್ನೆಲ್ಲ ನೋಡಿದ.

"ಸರಿ ಮೇಡಮ್. ನಿಲ್ಲುತ್ತಾ ಇಲ್ವಾ?"

"ಹೆಚ್ಚು ಸಲ ನಿಲ್ಲುತ್ತೆ. ಕೆಲವು ಸಲ ಇಲ್ಲ. ಯಾವ ಸಲ ಅಂತ ಹೇಳೋಕಾಗಲ್ಲ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡಿ. ನನಗೆ ಒಂದು ಸಂಖ್ಯೆ ಬೇಕು. ಏಟು ಎಷ್ಟು, ಬಟ್ಟೆ ತಡೆಯೋದು ಎಷ್ಟು, ಅಷ್ಟೇ. ಒಂದು ಸಂಖ್ಯೆ ಬರೀದಿದ್ರೆ ಮೇಲಿನೋರು ಕಾಗದ ಮುಟ್ಟಲ್ಲ. ಅವರು ಮುಟ್ಟದಿದ್ರೆ ನಿಮ್ಮೂರಿಗೆ ಚೀಲಾನೂ ಇಲ್ಲ, ಮಣ್ಣೂ ಇಲ್ಲ. ಬರೋ ಮಳೆಗಾಲಕ್ಕೆ ಖಾಲಿ ಎದೆ ಕೊಟ್ಟು ನಿಲ್ತೀರಾ?"

ಅವಳು ಪ್ರೊಫೆಸರನ ಮುಖ ನೋಡಿದಳು. ಅವನು ಕನ್ನಡಕ ತೆಗೆದು ಒರೆಸುತ್ತಿದ್ದ. ಕೊನೆಗೆ ಎಲ್ಲ ಉತ್ತರಗಳನ್ನೂ ಕೂಡಿಸಿ, ಭಾಗಿಸಿ, ಮೇಲೆ ಸುರಕ್ಷತೆಗೆಂದು ಸ್ವಲ್ಪ ಸೇರಿಸಿ, ಒಂದು ಸಂಖ್ಯೆ ಬರೆದರು. ಆ ಸಂಖ್ಯೆಯ ಪ್ರಕಾರ ಚೀಲ ನಿಲ್ಲುತ್ತಿತ್ತು. ಎಸಿನಾಮ್ ಕೆಳಗೆ ಸಹಿ ಹಾಕಿದಳು. ಹಾಕದಿದ್ದರೂ ಏನಾಗುತ್ತಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಯೋಚಿಸಿದ್ದುಂಟು. ಯಾವ ಕಡೆಯಿಂದ ಯೋಚಿಸಿದರೂ ಊರು ನೀರಿನಲ್ಲೇ ಬಂದು ನಿಲ್ಲುತ್ತಿತ್ತು.

ಚೀಲ ತುಂಬಿದ ದಿನ ಅಟ್ಸಿಕೊಪೆಯಲ್ಲಿ ಡೋಲು ಬಡಿದರು. ಪಂಪು ಗುಡುಗುಟ್ಟಿದಂತೆಲ್ಲ ಕಪ್ಪು ಬಟ್ಟೆ ಉಸಿರು ತಗೊಂಡು ಉಬ್ಬುತ್ತ ಬಂತು. ಮಕ್ಕಳು ಅದರ ಬೆನ್ನೇರಿ ಓಡಿದರು. ಕೊಮ್ಲಾ ಊರ ಪರವಾಗಿ ಹಿರಿಯರ ಹೆಸರು ಹೇಳಿ ನೆಲಕ್ಕೆ ಜಿನ್ ಮದ್ಯ ಸುರಿದ, ಪಾದ್ರಿ ಪ್ರಾರ್ಥನೆ ಮಾಡಿದ, ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ. ಗಲಾಟೆ ಇಳಿದ ಮೇಲೆ ಎಸಿನಾಮ್ ಮಾವನನ್ನು ದೋಣಿಯ ಮರೆಗೆ ಕರೆದಳು.

"ಮಾವ, ಒಂದು ಮಾತು. ಇದು ನಿಲ್ಲಬಹುದು. ನಿಲ್ಲದೇನೂ ಇರಬಹುದು."

ಕೊಮ್ಲಾ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟು ಹೇಳೋಕೆ ಅಷ್ಟು ವರ್ಷ ಓದ್ಬೇಕಿತ್ತಾ? ಇಷ್ಟನ್ನ ನಮ್ಮನೆ ಮೇಕೆನೂ ಹೇಳುತ್ತಲ್ಲೇ."

"ತಮಾಷೆ ಅಲ್ಲ ಮಾವ."

"ತಮಾಷೆ ಅಲ್ಲ ಅಂತ ಗೊತ್ತು. ನಾನೇನು ಮಾಡ್ಲಿ ಹೇಳು. ಊರನ್ನ ಎತ್ತಿ ತಲೆ ಮೇಲೆ ಇಟ್ಕೊಳ್ಲಾ? ಸಮುದ್ರ ಮಾಡಿದ್ದು ಸಾಕು, ಹೋಗಿ ಒಂದು ಮಗು ಮಾಡ್ಕೋ. ನಿನ್ನಮ್ಮ ಕಾಯ್ತಿದಾಳೆ."

ಅವನು ನಗುತ್ತಲೇ ಹೋದ. ಆದರೆ ಹೋಗುವ ದಾರಿಯಲ್ಲಿ ಚೀಲದ ಪಕ್ಕ ನಿಂತು ಅಂಗೈಯಿಂದ ಒಮ್ಮೆ ತಟ್ಟಿ ನೋಡಿದ್ದನ್ನು ಅವಳು ಕಂಡಳು.

ತಾಯಿಯ ವಿಷಯ ಇನ್ನೂ ಕಷ್ಟ. ಸಮುದ್ರ ಒಳಗೆ ಬಂದಂತೆಲ್ಲ ಅಬ್ಲಾ ತನ್ನ ಒಲೆಗಳನ್ನು ಒಡೆದು ಹಿಂದೆ ಹಿಂದೆ ಕಟ್ಟುತ್ತ ಬಂದಿದ್ದವಳು. ಈಗ ಹೆಬ್ಬಾವು ಬಂತಲ್ಲ, ಊರಿನ ಉಳಿದ ಹೆಂಗಸರಿಗಿಂತ ಮೊದಲೇ ಹೋಗಿ, ಚೀಲದ ನಡುಭಾಗದ ಹಿಂದೆಯೇ, ದೋಣಿ ಬಂದು ನಿಲ್ಲುವ ಕಡೆಗೆ ಹತ್ತಿರವಾಗಿ ಹೊಸ ಮಣ್ಣಿನ ಒಲೆ ಹಾಕಿದಳು. ಮಾನ್ಸಾಳೂ ಪಕ್ಕದಲ್ಲೇ ಹಾಕಿದಳು.

"ಅಮ್ಮಾ, ಇಲ್ಲಿ ಬೇಡ. ಹಿಂದಕ್ಕೆ ಹಾಕು."

"ಹಿಂದಕ್ಕೆ ಎಲ್ಲಿಗೆ? ಹಿನ್ನೀರಲ್ಲಿ ನಿಂತ್ಕೊಂಡು ಮೀನಿಗೆ ಹೊಗೆ ಹಾಕ್ಲಾ?"

"ಹಾಗಿದ್ರೆ ಪಡುವಣದ ತುದಿಗೆ ಹೋಗು. ಅಲ್ಲಿ ದಂಡೆ ಸಪಾಟಾಗಿದೆ, ಅಲೆ ದೂರದಲ್ಲೇ ಮುರಿಯುತ್ತೆ. ಇಲ್ಲಿ ಇಳಿಜಾರು ಜಾಸ್ತಿ, ಏಟು ನೇರ ಬೀಳುತ್ತೆ. ನನ್ನ ಲೆಕ್ಕದಲ್ಲಿ ಹರಿದಿದ್ದೆಲ್ಲ ಇಂಥ ಕಡೇನೇ."

ಅಬ್ಲಾ ಕೈಯ ಮಣ್ಣನ್ನು ಒಲೆಯ ಗೋಡೆಗೆ ಬಳಿದು ನುಣುಪು ಮಾಡುತ್ತಿದ್ದಳು. "ಈ ಹೆಬ್ಬಾವಿನ ಲೆಕ್ಕ ನೀನೇ ತಾನೇ ಹಾಕಿದ್ದು?"

"ಹೌದು."

"ನೋಡು ಮಗಳೇ, ನಿನ್ನ ಮೇಲೆ ನನಗಿರೋ ನಂಬಿಕೆ ನಿನಗೇ ಇಲ್ವಲ್ಲ."

ಮಾನ್ಸಾ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಮಾರನೆಯ ಬೆಳಿಗ್ಗೆ ಅವಳು ತನ್ನ ಹಸಿ ಒಲೆಗಳನ್ನು ತಾನೇ ಒದ್ದು ಬೀಳಿಸಿ, ತಟ್ಟೆ ಜಾಲರಿ ಸೌದೆ ಎಲ್ಲ ತಲೆಯ ಮೇಲೆ ಹೊತ್ತು ಪಡುವಣದ ತುದಿಗೆ ಹೊರಟಳು.

"ಎಲ್ಲಿಗೇ ಸವಾರಿ?" ಎಂದು ಅಬ್ಲಾ ಕೂಗಿದಳು.

"ನಿನ್ನ ಮಗಳು ಓದಿದಾಳೆ. ಅವಳ ಮಾತು ನೀನು ಕೇಳದಿದ್ರೆ ನಾನು ಕೇಳ್ತೀನಿ. ನನ್ನ ಮಗ ಓದಿದ್ದಿದ್ರೆ ಅವನ ಮಾತು ಕೇಳ್ತಿದ್ದೆ."

"ಹೋಗು ಹೋಗು. ಅಲ್ಲಿ ದೋಣಿ ಬರೋ ಹೊತ್ತಿಗೆ ಮೀನೆಲ್ಲ ನನ್ನ ಬುಟ್ಟೀಲಿರುತ್ತೆ!"

ಎಸಿನಾಮ್‌ಗೆ ಅಂದು ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು. ಒಬ್ಬರಾದರೂ ಕೇಳಿದರಲ್ಲ. ಮಾನ್ಸಾಳ ಸೌದೆಯ ಹೊರೆಯೊಂದನ್ನು ತಾನೂ ಹೊತ್ತು ತುದಿಯವರೆಗೆ ಹೋಗಿ ಬಂದಳು.

ಮುಂದಿನ ಆಗಸ್ಟಿನಲ್ಲಿ ಬೆಳ್ಳಿಬಣ್ಣದ ಸಣ್ಣ ಮೀನು ರಾಶಿ ರಾಶಿಯಾಗಿ ಬಂತು. ಈ ಕರಾವಳಿಯಲ್ಲಿ ಮೀನಿನ ಸುಗ್ಗಿ ಬರುವುದೂ ಉದ್ದಲೆ ಬರುವುದೂ ಒಂದೇ ಕಾಲಕ್ಕೆ. ಕುಮಾಸಿಯಲ್ಲಿ ಕೂತು ಅಲೆಗಳ ಮುನ್ಸೂಚನೆ ನೋಡುತ್ತಿದ್ದ ಎಸಿನಾಮ್‌ಗೆ ಒಂದು ದಿನ ನಕ್ಷೆಯ ಕೆಳತುದಿಯಲ್ಲಿ ದೊಡ್ಡ ಅಲೆಯ ಕೆಂಪು ಗುರುತು ಕಂಡಿತು. ಆ ಕೆಂಪು ಮೇಲೆ ಬರಲು ಇನ್ನೂ ಸಮಯವಿತ್ತು, ಆದರೆ ಅದು ಬರುವ ದಿನ ಹುಣ್ಣಿಮೆಯ ದೊಡ್ಡ ಭರತಕ್ಕೆ, ಅಂದರೆ ಕಡಲಿನ ಉಬ್ಬರಕ್ಕೆ, ಸರಿಯಾಗಿ ಬೀಳುತ್ತಿತ್ತು. ಮಾವನಿಗೆ ಫೋನು ಹಚ್ಚಿದಳು, ಲಾರ್ಬಿಗೆ ಹಚ್ಚಿದಳು. ಲಾರ್ಬಿ ದೂರದ ಇನ್ನೊಂದು ಊರಿನಲ್ಲಿದ್ದ, "ಜನಕ್ಕೆ ಎಚ್ಚರ ಹೇಳಿ ಮೇಡಮ್, ನಾನೂ ಹೇಳ್ತೀನಿ" ಅಂದ. ಅವನ ದನಿಯಲ್ಲೂ ಅವಳದೇ ಅಳುಕಿತ್ತು. ವ್ಯಾನು ಹತ್ತಿ, ಇಳಿದು, ಇನ್ನೊಂದು ಹತ್ತಿ ಹುಣ್ಣಿಮೆಯ ದಿನ ಅವಳು ಊರು ಸೇರಿದಾಗ ನೆತ್ತಿಯ ಮೇಲೆ ಬಿಸಿಲು. ಆಕಾಶ ತೊಳೆದಿಟ್ಟಂತಿತ್ತು. ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ.

ದಂಡೆಯಲ್ಲಿ ದೋಣಿಗಳು ತುಂಬಿ ಬಂದಿದ್ದವು. ಹೆಂಗಸರು ಸೊಂಟ ಬಿಗಿದು ಓಡಾಡುತ್ತಿದ್ದರು. ಎಲ್ಲ ಒಲೆಗಳೂ ಹೊತ್ತಿದ್ದವು.

"ಅಮ್ಮಾ, ತೆಗಿ ಎಲ್ಲಾನೂ. ಸಂಜೆ ಭರತಕ್ಕೆ ನೀರು ಬರುತ್ತೆ."

"ಹುಚ್ಚೇನೇ? ಅರ್ಧ ಬೆಂದ ಮೀನು ತೆಗೆದ್ರೆ ನಾಳೆ ನಾಯಿನೂ ಮೂಸಲ್ಲ. ಸಂಜೆ ಹೊತ್ತಿಗೆ ಆಗಿಬಿಡುತ್ತೆ, ಆಮೇಲೆ ತೆಗೆಯೋಣ. ನಿಂತಿರಬೇಡ, ಆ ಜಾಲರಿ ತಿರುಗಿಸು."

ಅವಳು ಜಾಲರಿ ತಿರುಗಿಸಿದಳು. ಬೇರೇನು ಮಾಡುವುದು? ಕೊಮ್ಲಾ ಮಾತ್ರ ಸಮುದ್ರವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, "ಗಾಳಿನೇ ಇಲ್ಲ" ಎಂದು ಗೊಣಗಿದರೂ ಗಂಡಸರನ್ನು ಕೂಗಿ ದೋಣಿಗಳನ್ನು ರಸ್ತೆಯವರೆಗೆ ಎಳೆಸಿದ. ಮುದುಕರನ್ನೂ ಮಕ್ಕಳನ್ನೂ ಚರ್ಚಿನ ಕಟ್ಟೆಗೆ ಕಳಿಸಿದ. ಅಷ್ಟಾದರೂ ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ಮೊದಲ ಉದ್ದಲೆ ಬಂತು. ಎತ್ತರವೇನೂ ಅಲ್ಲ, ಆದರೆ ಹಿಂದೆ ಮುಗಿಯುವುದೇ ಕಾಣದಷ್ಟು ದಪ್ಪ. ಚೀಲಕ್ಕೆ ಬಡಿದಾಗ ಸದ್ದು ಕಿವಿಗಿಂತ ಮೊದಲು ಕಾಲಿಗೆ ಬಂತು. ಕಪ್ಪು ಬಟ್ಟೆ ಮೈ ನಡುಗಿಸಿ ಹಿಂದಕ್ಕೆ ಒರಗಿ ಮತ್ತೆ ಕೂತಿತು. ಜನ ಹೋ ಎಂದು ಕೂಗಿದರು. ಎರಡನೆಯದು, ಮೂರನೆಯದು. ಒಂದೊಂದು ಏಟಿಗೂ ಒಳಗಿನ ಮರಳು ಹಿಂಬದಿಗೆ ಜಾರಿ ಚೀಲದ ತಲೆ ಕುಗ್ಗುತ್ತಿತ್ತು. ಇದೆಲ್ಲ ಎಸಿನಾಮ್ ನೋಡಿದ್ದೇ. ಪರದೆಯ ಮೇಲೆ, ನಿಧಾನವಾಗಿ, ಸದ್ದಿಲ್ಲದೆ, ಎಷ್ಟೋ ಸಲ. ಇನ್ನೊಂದು ಸ್ವಲ್ಪ ಕುಗ್ಗಿದರೆ ನಡುವಿನ ಬೆನ್ನಿನ ಹೊಲಿಗೆಗೆ ಎಳೆತ ಬರುತ್ತದೆ. ಅವಳು ತಾಯಿಯ ರಟ್ಟೆ ಹಿಡಿದು ಎಳೆದಳು. ಈ ಸಲ ಅಬ್ಲಾ ಮಾತಾಡದೆ ಬಂದಳು. ಇಬ್ಬರೂ ಬುಟ್ಟಿ ಬಿಟ್ಟು ರಸ್ತೆಗೆ ಓಡಿ ತಿರುಗಿ ನೋಡಿದರು.

ನಡುವಿನ ಹೊಲಿಗೆ ಹಿಡಿದುಕೊಂಡೇ ಇತ್ತು.

ಕೂಗು ಕೇಳಿಸಿದ್ದು ಪಡುವಣದಿಂದ. ಅಲ್ಲಿ ಒಂದು ಚೀಲದ ತುದಿ ಇನ್ನೊಂದರ ತುದಿಗೆ ಕೂಡುವ ಕಡೆ ಸಂದು ಬಾಯಿಬಿಟ್ಟಿತ್ತು. ಸಪಾಟು ದಂಡೆಯ ಮೇಲೆ ದೂರದಲ್ಲೇ ಮುರಿದ ಅಲೆ ಹರಿದುಕೊಂಡು ಬಂದು, ಚೀಲದುದ್ದಕ್ಕೂ ಪಕ್ಕಕ್ಕೆ ಸರಿದು, ಆ ಸಂದಿಯಲ್ಲಿ ನುಗ್ಗಿತ್ತು. ಎಸಿನಾಮ್‌ಳ ಲೆಕ್ಕದಲ್ಲಿ ಆ ಸಂದು ಇರಲೇ ಇಲ್ಲ. ಅವಳು ಲೆಕ್ಕ ಹಾಕಿದ್ದು ರೊಟ್ಟಿಯನ್ನು ಅಡ್ಡ ಕೊಯ್ದ ಹಾಗೆ, ಚೀಲದ ಒಂದು ತೆಳು ಹೋಳನ್ನು ಮಾತ್ರ. ಊರುದ್ದದ ಚೀಲವನ್ನೆಲ್ಲ ಹಾಕಿದರೆ ಅವರ ಯಂತ್ರಕ್ಕೆ ಆಗುತ್ತಿರಲಿಲ್ಲ. ಆ ಹೋಳಿನಲ್ಲಿ ತುದಿಯೂ ಇಲ್ಲ, ಸಂದೂ ಇಲ್ಲ.

ಅವಳು ಓಡಿದಳು. ಓಡುತ್ತಿದ್ದಂತೆ ಇನ್ನೊಂದು ಅಲೆ ಒಳಗೆ ಬಂದದ್ದು ಕಂಡಿತು. ಮಾನ್ಸಾಳ ಒಲೆಗಳು ಹೊಗೆಯಾಡುತ್ತಲೇ ಕರಗಿ ಕೂತವು. ಜಾಲರಿಗಳು ತೇಲಿದವು. ಮಾನ್ಸಾ ಒಂದು ಜಾಲರಿಯನ್ನು ಎದೆಗೆ ಒತ್ತಿ ಹಿಡಿದು ಸೊಂಟದ ನೀರಿನಲ್ಲಿ ನಿಂತಿದ್ದಳು, ಅವಳ ಹಿಂದೆ ಒಂದು ಮನೆಯ ಸಿಮೆಂಟು ಗೋಡೆ ಒಳಕ್ಕೆ ವಾಲುತ್ತಿತ್ತು. "ಚಿಕ್ಕಮ್ಮಾ, ಬಿಡು ಅದನ್ನ! ಈ ಕಡೆ ಬಾ!" ಎಂದು ಎಸಿನಾಮ್ ಕಿರುಚಿದಳು. ಮಾನ್ಸಾ ದನಿ ಬಂದ ಕಡೆಗೆ ತಿರುಗಿ ನೋಡಿದಳು, ಜಾಲರಿ ಬಿಟ್ಟು ಒಂದು ಹೆಜ್ಜೆ ಇಟ್ಟಳು. ಗೋಡೆ ಬಿತ್ತು.

ಕೊಮ್ಲಾನೂ ಇನ್ನು ನಾಲ್ಕು ಗಂಡಸರೂ ಅವಳನ್ನು ಎಳೆದು ತೆಗೆದರು. ಜೀವ ಇತ್ತು. ಬಲಗಾಲು ಮಂಡಿಯಿಂದ ಕೆಳಗೆ ಜಜ್ಜಿಹೋಗಿತ್ತು. ಮೀನಿನ ಲಾರಿಯಲ್ಲೇ ಮಲಗಿಸಿ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಅವಳ ತಲೆ ಅಬ್ಲಾಳ ತೊಡೆಯ ಮೇಲಿತ್ತು. ಎದುರಿಗೆ ಕೂತ ಎಸಿನಾಮ್ ಆ ಕಾಲಿನ ಮೇಲೆ ತನ್ನ ಮೇಲುಬಟ್ಟೆ ಹಿಡಿದುಕೊಂಡಿದ್ದಳು. ಒಮ್ಮೆ ಮಾನ್ಸಾ ಕಣ್ಣು ಬಿಟ್ಟು ಅಬ್ಲಾಳಿಗೆ, "ನಿನ್ನ ಒಲೆ ಇದೆಯೇನೇ?" ಎಂದು ಕೇಳಿದಳು. ಅಬ್ಲಾ ಇಲ್ಲ ಎಂದು ಸುಳ್ಳು ಹೇಳಿದಳು.

ಕಾಲು ಉಳಿಯಲಿಲ್ಲ. ಅಬ್ಲಾಳ ಸುಳ್ಳು ಕೂಡ ಬಹಳ ದಿನ ಸುಳ್ಳಾಗಿ ಉಳಿಯಲಿಲ್ಲ. ಪಡುವಣದಲ್ಲಿ ಬಾಯಿಬಿಟ್ಟ ಸಂದಿಯಿಂದ ಸಮುದ್ರ ಪ್ರತಿ ಭರತಕ್ಕೂ ಒಳಗೆ ಬಂದು, ಚೀಲದ ಹಿಂದಿನಿಂದ ಮರಳನ್ನು ತೊಳೆದು ಒಯ್ಯುತ್ತ ಹೋಯಿತು. ಹೆಬ್ಬಾವು ಒಂದೊಂದು ಭಾಗವಾಗಿ ಅಂಗಾತ ಬಿದ್ದು, ಹೊಟ್ಟೆ ಬರಿದು ಮಾಡಿಕೊಂಡು, ಕೊನೆಗೆ ನೀರಿನಲ್ಲಿ ಅಲ್ಲಾಡುವ ಕಪ್ಪು ಬಟ್ಟೆಯಾಗಿ ಉಳಿಯಿತು. ವರ್ಷ ತಿರುಗುವುದರೊಳಗೆ ಸಮುದ್ರವೂ ಹಿನ್ನೀರೂ ಒಂದನ್ನೊಂದು ಮುಟ್ಟಿದವು. ಅಟ್ಸಿಕೊಪೆಯವರಿಗೆ ಒಳನಾಡಿನಲ್ಲಿ, ಮರಗೆಣಸಿನ ಹೊಲಗಳ ನಡುವೆ, ಒಂದೇ ಅಚ್ಚಿನ ಮನೆಗಳ ಸಾಲು ಕಟ್ಟಿಕೊಟ್ಟರು. ದೋಣಿ ಇದ್ದವರು ಬೇರೆ ದಂಡೆಗಳಿಗೆ ಚದುರಿದರು. ಕೊಮ್ಲಾ ಗಂಡಸರನ್ನು ಕಟ್ಟಿಕೊಂಡು ನೆರೆಯ ಟೋಗೋ ದೇಶದ ಕಡೆಗೆ ಹೋದ.

ಹೊಸ ಜಾಗದಲ್ಲಿ ಅಬ್ಲಾ, ಮಾನ್ಸಾ ಗೋಡೆಗೆ ಗೋಡೆ ಹಚ್ಚಿದ ಮನೆಯವರು. ಅಲ್ಲಿಂದ ಸಮುದ್ರದ ಸದ್ದೂ ಕೇಳಿಸದು. ಪೇಟೆಯ ಕೋಲ್ಡ್ ಸ್ಟೋರಿನಿಂದ ಬರುವ, ಯಾವ ಸಮುದ್ರದ್ದೋ ತಿಳಿಯದ ಬಂಗುಡೆಯ ಪೆಟ್ಟಿಗೆಗಳನ್ನು ಕೊಂಡು, ಬಿಸಿಲಿಗಿಟ್ಟು ಹಿಮ ಕರಗಿಸಿ, ಇಬ್ಬರೂ ಒಂದೇ ಒಲೆಯಲ್ಲಿ ಹೊಗೆ ಹಾಕುತ್ತಿದ್ದರು. "ಈ ಮೀನಿಗೆ ಕಣ್ಣೇ ಇಲ್ಲ, ಎಲ್ಲಾ ಗಾಜಿನ ಗೋಲಿ" ಎಂದು ಅಬ್ಲಾ ಬಯ್ಯುತ್ತ ಜೋಡಿಸುವಳು. ಮಾನ್ಸಾ ಕುರ್ಚಿಯಲ್ಲಿ ಕೂತು ತಿರುಗಿಸುವಳು.

ಎಸಿನಾಮ್ ರಜೆಯಲ್ಲಿ ಹೋದಾಗಲೆಲ್ಲ ಒಂದು ಬೈಗುಳಕ್ಕೆ ಕಾಯುತ್ತಿದ್ದಳು. ಅದು ಬರುತ್ತಲೇ ಇರಲಿಲ್ಲ. ಒಮ್ಮೆ ತಡೆಯಲಾರದೆ ತಾನೇ ಬಾಯಿಬಿಟ್ಟಳು.

"ಚಿಕ್ಕಮ್ಮ, ನಾನು ಹೇಳದಿದ್ದಿದ್ರೆ ನೀನು ಅಲ್ಲಿಗೆ ಹೋಗ್ತಿರ್ಲಿಲ್ಲ."

"ನೀನು ಒಳ್ಳೇದಕ್ಕೇ ಹೇಳಿದ್ದೆ ಕಣೇ. ಬಿಡು." ಮಾನ್ಸಾ ಒಂದು ಮೀನನ್ನು ಮಗುಚಿ ಹಾಕಿ, "ಅದೇನು ಕಂಪ್ಯೂಟರಲ್ಲಿ ಮಾಡ್ತೀಯಲ್ಲ, ತೋರಿಸು ನೋಡೋಣ. ನಿನ್ನಮ್ಮ ಊರೆಲ್ಲ ಹೇಳ್ಕೊಂಡು ಬಂದ್ಳು, ಒಂದಿನಾನೂ ನೋಡಿಲ್ಲ ನಾನು."

ಎಸಿನಾಮ್ ಲ್ಯಾಪ್‌ಟಾಪು ತೆರೆದಳು. ನೀಲಿ ಚುಕ್ಕೆಗಳ ಅಲೆ ಎದ್ದು, ಬಾಗಿ, ಚೀಲದ ಹೋಳನ್ನು ಬಡಿದು, ಅರ್ಧ ನೀರು ಮೇಲೆ ಹಾರಿ ಆಚೆಗೆ ಬಿತ್ತು. ಅಬ್ಲಾಳೂ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು.

"ಸದ್ದಿಲ್ವಾ?"

"ಇಲ್ಲಮ್ಮ."

ಮಾನ್ಸಾ ಇನ್ನೊಮ್ಮೆ ಓಡಿಸು ಅಂದಳು. ನೋಡಿದಳು. "ಆಚೆ ಬಿದ್ದ ನೀರು ಎಲ್ಲಿಗೆ ಹೋಗುತ್ತೆ?"

"ಇಲ್ಲಿ ಅಂಚು ಇದೆಯಲ್ಲ, ಅಲ್ಲಿಗೆ ಬಂದ ಚುಕ್ಕೇನ ಅಳಿಸಿಬಿಡ್ತೀವಿ. ಇಲ್ದಿದ್ರೆ ಲೆಕ್ಕ ತುಂಬಾ ಭಾರ ಆಗುತ್ತೆ."

"ಓ." ಮಾನ್ಸಾ ತಲೆಯಾಡಿಸಿದಳು. ಮಾತಿನಲ್ಲಿ ಕೊಂಕೇನೂ ಇರಲಿಲ್ಲ, ಒಂದು ಜಾಗ ಗುರುತು ಸಿಕ್ಕವರ ಹಾಗೆ ಪರದೆಯ ಅಂಚಿನ ಮೇಲೆ ಬೆರಳಿಟ್ಟಳು. "ನಾವಿದ್ದಿದ್ದು ಅಲ್ಲೇ."

"ಮಾನ್ಸಾ, ಮೀನು ಸೀದುಹೋಗುತ್ತೆ ನೋಡೇ" ಎಂದು ಅಬ್ಲಾ ಎದ್ದಳು.

ಆ ಮಳೆಗಾಲ ಮುಗಿದ ಮೇಲೆ ಲಾರ್ಬಿ ಮತ್ತೆ ಕುಮಾಸಿಗೆ ಬಂದ. ಮೂಡಣದ ಇನ್ನೊಂದು ಊರು, ಇನ್ನೂ ದಪ್ಪ ಬಟ್ಟೆ, ಹೊಸ ಬಗೆಯ ಹೊಲಿಗೆ. ಎಸಿನಾಮ್ ಆಗುವುದಿಲ್ಲ ಎಂದಳು. ಲಾರ್ಬಿ ಒತ್ತಾಯ ಮಾಡಲಿಲ್ಲ, ಶೂ ಬಿಚ್ಚಿ ಬಾಗಿಲ ಹೊರಗೆ ಮರಳು ಕೊಡವಿ ಹೋದ. ಪ್ರೊಫೆಸರ್ ಅದುಸೈ ಸಂಜೆ ಅವಳ ಮೇಜಿನ ಹತ್ತಿರ ಬಂದು ನಿಂತ. ಅವನಿಗೆ ಅಂದು ತಮಾಷೆ ಹೊಳೆದಂತಿರಲಿಲ್ಲ.

"ನೀನು ಮಾಡದಿದ್ರೆ ಬೇರೆ ಯಾರೋ ಮಾಡ್ತಾರೆ. ಅವರು ಮೊದಲನೇ ದಿನಾನೇ ಒಂದು ಸಂಖ್ಯೆ ಕೊಟ್ಬಿಡ್ತಾರೆ."

"ನಾನೂ ಕೊನೇಗೆ ಅದನ್ನೇ ಕೊಡೋದು ಸಾರ್."

"ಹೌದು" ಎಂದ ಅವನು. ಕಡತವನ್ನು ಮೇಜಿನ ಮೇಲಿಟ್ಟು ಹೋದ.

ಕೆಲವು ದಿನ ಅದು ಅಲ್ಲೇ ಬಿದ್ದಿತ್ತು. ಆಮೇಲೆ ಅವಳು ತೆರೆದಳು. ಈ ಸಲ ಹೋಳು ಬೇಡವೆಂದು, ಎರಡು ಚೀಲದ ತುದಿಗಳನ್ನೂ ನಡುವಿನ ಸಂದನ್ನೂ ಇಟ್ಟಳು. ಅಂಚನ್ನು ಹಿಂದಕ್ಕೆ ತಳ್ಳಿ, ಹಿಂದೆ ಸ್ವಲ್ಪ ನೆಲ ಇಟ್ಟಳು, ನೆಲದ ಮೇಲೆ ಒಂದು ಗೋಡೆ ಇಟ್ಟಳು. ಯಂತ್ರ ಏದುಸಿರು ಬಿಡುತ್ತ ವಾರಗಟ್ಟಲೆ ಓಡಿತು, ಎರಡು ಸಲ ಕರೆಂಟು ಹೋಗಿ ಸತ್ತಿತು, ಮೂರನೆಯ ಸಲ ಮುಗಿಸಿತು. ಸಂದು ಹಿಡಿದುಕೊಂಡಿತ್ತು. ಅಲೆಯನ್ನು ಒಂದು ಗೇಣು ಸರಿಸಿ ಬಿಟ್ಟಳು. ಸಂದು ಹಿಡಿದುಕೊಂಡಿತು, ಬೆನ್ನು ಹರಿಯಿತು. ಇನ್ನೊಂದು ಗೇಣು ಸರಿಸಿದಳು. ಚೀಲಕ್ಕೆ ಏನೂ ಆಗಲಿಲ್ಲ, ಆದರೆ ಮೇಲಿಂದ ಹಾರಿದ ನೀರು ಹಿಂದಿನ ಗೋಡೆಯನ್ನು ಬೀಳಿಸಿತ್ತು.

ಬಾಗಿಲ ಬಳಿ ಹಾದುಹೋಗುತ್ತಿದ್ದ ಅದುಸೈ ಇಣುಕಿ, "ಏನಾಯ್ತಮ್ಮ?" ಎಂದ.

"ಇನ್ನೂ ಓಡ್ತಿದೆ ಸಾರ್" ಎಂದಳು ಎಸಿನಾಮ್, ಅಲೆಯನ್ನು ಮತ್ತೊಂದು ಗೇಣು ಸರಿಸುತ್ತ.